ಐದು ಸೆಂಟಿಮೀಟರ್ ಆಳಕ್ಕೆ ಎಷ್ಟು ಕೆಜಿ ಬೇಕು?

ತಾಲ್ಲೂಕು ಕೇಂದ್ರವೊಂದರ ಸಮುದಾಯ ಭವನ. ಜಮಖಾನದ ಮೇಲೆ ಮೂರು ಬೊಂಬೆಗಳು ಅಂಗಾತ ಮಲಗಿದ್ದವು. ಎದೆ ಸಾಕಷ್ಟು ಆಳಕ್ಕೆ ಇಳಿದರೆ ಮಾತ್ರ 'ಟಕ್' ಎಂದು ಸದ್ದು ಮಾಡುವ ಬೊಂಬೆಗಳು ಅವು. ಅಂಗನವಾಡಿ ಕಾರ್ಯಕರ್ತೆಯೊಬ್ಬರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ ಕುಳಿತು ಒತ್ತತೊಡಗಿದರು. ಹತ್ತಾಯಿತು, ಇಪ್ಪತ್ತಾಯಿತು. ಬೊಂಬೆ ಸದ್ದು ಮಾಡಲಿಲ್ಲ. ಪಕ್ಕದಲ್ಲಿ ದೈಹಿಕ ಶಿಕ್ಷಕರೊಬ್ಬರು ಒತ್ತುತ್ತಿದ್ದ ಬೊಂಬೆಯಾದರೋ ಮೊದಲ ಒತ್ತಿನಿಂದಲೇ ಟಕ್ ಟಕ್ ಎನ್ನುತ್ತಿತ್ತು. ಆಕೆ ಕೈ ತೆಗೆದು, "ನನ್ನ ಕೈಲಿ ಇದು ಆಗುವುದಿಲ್ಲ ಸರ್. ನಾನಿರುವುದೇ ನಲವತ್ತಾರು ಕೆಜಿ" ಎಂದರು.

ಇಂಥ ಶಿಬಿರಗಳಿಗೆ ಸ್ವಯಂಸೇವಕನಾಗಿ ಹೋಗಿ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ರಕ್ತ ಹರಿಯುವಂತೆ ಮಾಡುವುದನ್ನು ಕಲಿಸುವ ನಾನು, "ಇನ್ನೂ ಗಟ್ಟಿಯಾಗಿ ಒತ್ತಿ ಅಮ್ಮಾ" ಎಂದುಬಿಟ್ಟೆ. ಆಕೆ ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಆಕೆಯದು ಅಳುಕಿನ ಮಾತಾಗಿರಲಿಲ್ಲ, ಲೆಕ್ಕದ ಮಾತಾಗಿತ್ತು. ಒತ್ತುವವರ ಮೈತೂಕಕ್ಕೂ ಮಲಗಿರುವವರ ಪ್ರಾಣಕ್ಕೂ ಸಂಬಂಧವಿದೆಯೇ ಎಂಬ ಆ ಪ್ರಶ್ನೆಯನ್ನು ನಮ್ಮ ತರಬೇತಿಗಳು ಕೇಳಿಕೊಳ್ಳುವುದೇ ಅಪರೂಪ.

ಕೇಳಿಕೊಳ್ಳಬೇಕಾದ ಕಾಲ ಬಂದಿದೆ. 2025ರ ಮೇ, ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳ ಅವಧಿಯಲ್ಲಿ 20ಕ್ಕೂ ಹೆಚ್ಚು ಮಂದಿ ಹಠಾತ್ತನೆ ತೀರಿಕೊಂಡ ಸುದ್ದಿ ಇಡೀ ರಾಜ್ಯವನ್ನು ಕಂಗೆಡಿಸಿತು. ತಪಾಸಣೆಗಾಗಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತು. ಸರ್ಕಾರ ತಜ್ಞರ ಸಮಿತಿ ನೇಮಿಸಿತು. ಅದರ ಬೆನ್ನಿಗೇ ಸಿಪಿಆರ್ ತರಬೇತಿಗೆ ಬೇಡಿಕೆ ಹೆಚ್ಚಿತು. ಶಾಲೆ, ಬ್ಯಾಂಕು, ಮಹಿಳಾ ಸಂಘ, ಪೊಲೀಸ್ ಠಾಣೆ ಎಲ್ಲೆಡೆಯಿಂದ ಕರೆ ಬರತೊಡಗಿದವು. ಇದು ಒಳ್ಳೆಯದೇ. ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು ಹೃದಯಾಘಾತ. ಹೃದಯದ ಬಡಿತವೇ ನಿಂತು ಮನುಷ್ಯ ಕುಸಿದು ಬೀಳುವುದು ಹೃದಯ ಸ್ತಂಭನ. ಈ ಎರಡನೆಯದರಲ್ಲಿ ಮಿದುಳಿಗೆ ಉಳಿಯುವ ಸಮಯ ನಾಲ್ಕರಿಂದ ಆರು ನಿಮಿಷ. ಯಾರೂ ಎದೆ ಒತ್ತದಿದ್ದರೆ, ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಗ್ಗುತ್ತದೆ. 108 ಎಷ್ಟೇ ಬೇಗ ಬಂದರೂ ಅಲ್ಲಿಯವರೆಗೆ ಕೆಲಸ ಮಾಡಬೇಕಾದದ್ದು ಪಕ್ಕದಲ್ಲಿದ್ದವರ ಕೈ. ಆ ಕೈ ಯಾರದು ಎಂಬುದೇ ನನ್ನ ವಿಷಯ.

ಎದೆ ಒತ್ತುವ ಈ ವಿಧಾನ ಹುಟ್ಟಿದ್ದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ. ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಉಪಕರಣವನ್ನು ನಾಯಿಗಳ ಮೇಲೆ ಪ್ರಯೋಗಿಸುತ್ತಿದ್ದಾಗ, ಅದರ ಭಾರವಾದ ಹಿಡಿಗಳನ್ನು ಎದೆಗೆ ಒತ್ತಿದೊಡನೆಯೇ, ವಿದ್ಯುತ್ ಹರಿಸುವ ಮುನ್ನವೇ, ರಕ್ತದೊತ್ತಡ ಕೊಂಚ ಏರಿದ್ದನ್ನು ನಿಕರ್‌ಬಾಕರ್ ಎಂಬ ಯುವ ಸಂಶೋಧಕ ಗಮನಿಸಿದ. ಎದೆ ಸೀಳದೆಯೇ ಹೃದಯವನ್ನು ಹಿಂಡಬಹುದೆಂಬ ಅರಿವು ಹೊಳೆದದ್ದು ಹೀಗೆ, ಭಾರದಿಂದಲೇ. 1960ರಲ್ಲಿ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ ಪ್ರಕಟಿಸಿದ ಪ್ರಬಂಧ, ಇದನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಆರಂಭಿಸಬಹುದು, ಬೇಕಿರುವುದು ಎರಡು ಕೈ ಮಾತ್ರ ಎಂದು ಘೋಷಿಸಿತು. ಅಂದಿನಿಂದ ಲಕ್ಷಾಂತರ ಜನರಿಗೆ ಧೈರ್ಯ ತುಂಬಿದ ಮಾತದು. ಆ ಎರಡು ಕೈಗಳ ಹಿಂದೆ ಒಂದು ಮೈ ಇರುತ್ತದೆ, ಮೈಗೊಂದು ತೂಕ ಇರುತ್ತದೆ ಎಂಬುದು ಮಾತ್ರ ಅದರಲ್ಲಿ ಬರಲಿಲ್ಲ.

ಅಲ್ಲಿಂದಾಚೆಗೆ ಒತ್ತಬೇಕಾದ ಆಳ ಹೆಚ್ಚುತ್ತಲೇ ಹೋಯಿತು. 2010ರವರೆಗಿನ ಮಾರ್ಗಸೂಚಿಗಳು ವಯಸ್ಕರಿಗೆ 4ರಿಂದ 5 ಸೆಂ.ಮೀ. ಎನ್ನುತ್ತಿದ್ದವು. 2010ರಲ್ಲಿ ಅದು 'ಕನಿಷ್ಠ 5 ಸೆಂ.ಮೀ.' ಎಂದಾಯಿತು, 2015ರಲ್ಲಿ 6 ಸೆಂ.ಮೀ. ಮೀರಬಾರದೆಂಬ ಮಿತಿಯೂ ಸೇರಿತು. ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಪ್ರತಿ ಒತ್ತಿನ ನಂತರ ಎದೆ ಪೂರ್ತಿಯಾಗಿ ಮೇಲೆದ್ದುಕೊಳ್ಳಬೇಕು. ಒತ್ತುವವರು ಎರಡು ನಿಮಿಷಕ್ಕೊಮ್ಮೆ ಬದಲಾಗಬೇಕು. ಒತ್ತುವವರ ತೂಕ 45 ಕೆಜಿ ಇರಲಿ, 95 ಕೆಜಿ ಇರಲಿ, ಅಳತೆ ಒಂದೇ. ಒಂದೇ ಇರಬೇಕಾದದ್ದೂ ಹೌದು. ಒತ್ತುವವರು ಸಣ್ಣಗಿದ್ದಾರೆಂದು ಮಲಗಿರುವವರ ಎದೆ ಮೆತ್ತಗಾಗುವುದಿಲ್ಲವಲ್ಲ.

ಎದೆಯ ಗಡಸು ಒಬ್ಬರಿಂದ ಒಬ್ಬರಿಗೆ ಬಹಳ ಬದಲಾಗುತ್ತದೆ. ಸಾಮಾನ್ಯವಾಗಿ ವಯಸ್ಕರ ಎದೆಯನ್ನು ಈ ಆಳಕ್ಕೆ ಇಳಿಸಲು 30ರಿಂದ 50 ಕೆಜಿ ಭಾರ ಹೇರಿದಷ್ಟು ಬಲ ಬೇಕು. ಈಗ ಮಂಡಿಯೂರಿ ಕುಳಿತವರನ್ನು ಕಲ್ಪಿಸಿಕೊಳ್ಳಿ. ಅವರ ತೂಕವೆಲ್ಲ ಅಂಗೈಗೆ ಇಳಿಯುವುದಿಲ್ಲ. ಕಾಲುಗಳ ಭಾರ ಮತ್ತು ಸೊಂಟದ ಭಾರದ ಒಂದು ಪಾಲು ಮಂಡಿಯಲ್ಲೇ ಉಳಿಯುತ್ತದೆ. 80 ಕೆಜಿಯವರು ಮುಂದಕ್ಕೆ ಬಾಗಿದರೆ ಸಾಕು, ಮೈಯ ಮೇಲ್ಭಾಗದ ಭಾರವೇ ಹೆಚ್ಚುಕಡಿಮೆ ಕೆಲಸ ಮುಗಿಸುತ್ತದೆ. 46 ಕೆಜಿಯವರಿಗೆ ಬಾಗುವುದರಿಂದ ಸಿಗುವ ಬಲ ಸಾಲದು. ಕೊರತೆಯನ್ನು ಹೊಟ್ಟೆ, ಬೆನ್ನು, ಭುಜದ ಸ್ನಾಯುಗಳು ತುಂಬಿಕೊಡಬೇಕು. ಮೈಯನ್ನು ಮೇಲಿನಿಂದ ಬೀಳಿಸಿದಂತೆ ತಂದು ಆ ವೇಗದಿಂದಲೂ ಬಲ ಪಡೆಯಬೇಕು. ಒಮ್ಮೆಯಾದರೆ ಯಾರಾದರೂ ಮಾಡಬಲ್ಲರು. ಆದರೆ ಎರಡು ನಿಮಿಷಕ್ಕೆ ಒತ್ತುಗಳು ಇನ್ನೂರಕ್ಕೂ ಹೆಚ್ಚು. ಬೊಂಬೆಗಳ ಮೇಲೆ ನಡೆದ ಅಧ್ಯಯನಗಳು ತೋರಿಸುತ್ತ ಬಂದಿರುವುದೂ ಇದನ್ನೇ: ಹಗುರ ಮೈಯವರ ಒತ್ತು ಸರಾಸರಿಯಲ್ಲಿ ಕಡಿಮೆ ಆಳಕ್ಕಿಳಿಯುತ್ತದೆ, ಮತ್ತು ಆ ಆಳವೂ ಬೇಗ ಕುಗ್ಗುತ್ತದೆ.

ದಣಿವಿನ ಈ ಕತೆಯಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನ. ಐದು ನಿಮಿಷ ಎಡೆಬಿಡದೆ ಒತ್ತಿಸಿ ನೋಡಿದರು. ಮೊದಲ ನಿಮಿಷದಲ್ಲಿ ಶೇ 90ಕ್ಕೂ ಹೆಚ್ಚು ಒತ್ತುಗಳು ಸರಿಯಾಗಿದ್ದವು. ಮೂರನೆಯ ನಿಮಿಷಕ್ಕೆ ಅದು ಶೇ 40ರ ಆಸುಪಾಸಿಗೆ ಕುಸಿಯಿತು. ಐದನೆಯ ನಿಮಿಷಕ್ಕೆ ಶೇ 20ಕ್ಕಿಂತಲೂ ಕೆಳಗೆ. ವೇಗ ಮಾತ್ರ ಕುಗ್ಗಿರಲಿಲ್ಲ. ಕೈ ಅದೇ ಲಯದಲ್ಲಿ ಮೇಲೆ ಕೆಳಗೆ ಆಡುತ್ತಿತ್ತು, ನೋಡುವವರ ಕಣ್ಣಿಗೆ ಎಲ್ಲವೂ ಸರಿಯಾಗಿತ್ತು, ಒಳಗೆ ರಕ್ತ ಹರಿಯುವಷ್ಟು ಎದೆ ಇಳಿಯುತ್ತಿರಲಿಲ್ಲ. ಒತ್ತುತ್ತಿದ್ದವರಿಗೆ ದಣಿವಾಗಿದೆ ಎನ್ನಿಸಿದ್ದೇ ನಾಲ್ಕು ನಿಮಿಷ ದಾಟಿದ ಮೇಲೆ. ತಮ್ಮ ಒತ್ತು ಹಗುರವಾದದ್ದು ಅವರಿಗೇ ಗೊತ್ತಾಗಿರಲಿಲ್ಲ. ಹೀಗಾಗಿ "ಸುಸ್ತಾದರೆ ಹೇಳಿ, ಬದಲಾಯಿಸೋಣ" ಎನ್ನುವ ಉಪಚಾರದ ಮಾತಿನಿಂದ ಇಲ್ಲಿ ಪ್ರಯೋಜನವಿಲ್ಲ. ಸುಸ್ತು ಹೇಳಿಕೊಳ್ಳುವ ಹೊತ್ತಿಗೆ ತಡವಾಗಿರುತ್ತದೆ.

ಇದನ್ನು ನಮ್ಮ ಮನೆಗಳಿಗೆ ತಂದು ನೋಡೋಣ. ಆಸ್ಪತ್ರೆಯ ಹೊರಗೆ ಆಗುವ ಹೃದಯ ಸ್ತಂಭನಗಳಲ್ಲಿ ಸುಮಾರು ಶೇ 70ರಷ್ಟು ಆಗುವುದು ಮನೆಯಲ್ಲಿ ಎಂಬುದು ಅಮೆರಿಕದ ಲೆಕ್ಕ. ಬಚ್ಚಲಿನ ಬಾಗಿಲಲ್ಲಿ, ಊಟದ ತಟ್ಟೆಯ ಮುಂದೆ, ಬೆಳಗಿನ ಜಾವದ ಹಾಸಿಗೆಯಲ್ಲಿ. ಕುಸಿದವರು ಮನೆಯ ಯಜಮಾನರಾದರೆ ಪಕ್ಕದಲ್ಲಿರುವುದು ಹೆಚ್ಚಾಗಿ ಹೆಂಡತಿ, ಸೊಸೆ, ಓದುತ್ತಿರುವ ಮಕ್ಕಳು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಭಾರತೀಯರ ಆಹಾರದ ಲೆಕ್ಕಾಚಾರಕ್ಕೆ ಇಟ್ಟುಕೊಂಡ ಮಾದರಿ ತೂಕ ಗಂಡಸಿಗೆ 65 ಕೆಜಿ, ಹೆಂಗಸಿಗೆ 55 ಕೆಜಿ.  ಇದು ಮಾದರಿ ತೂಕ. ನಮ್ಮ ಹಳ್ಳಿಗಳಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ತೂಗುವ ಹೆಣ್ಣುಮಕ್ಕಳು ಸಾಕಷ್ಟಿದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಆರರಲ್ಲಿ ಒಬ್ಬರು ಎತ್ತರಕ್ಕೆ ತಕ್ಕ ತೂಕವಿಲ್ಲದವರು. ತರಬೇತಿ ಪಟಗಳಲ್ಲಿ ಕಾಣುವ ವಿಶಾಲ ಭುಜದ ಯುವಕ ನಮ್ಮ ಅಡುಗೆಮನೆಯಲ್ಲಿ ಇರುವುದಿಲ್ಲ.

ಇಷ್ಟು ಕೇಳಿ ಯಾರಾದರೂ "ಹಾಗಾದರೆ ಸಣಕಲು ಮೈಯವರು ಇದಕ್ಕೆ ಕೈ ಹಾಕದಿರುವುದೇ ಮೇಲು" ಎಂದುಕೊಂಡರೆ ನಾನು ಬರೆದದ್ದು ಅನರ್ಥವಾಯಿತು. ಅಮೆರಿಕ ಮತ್ತು ಕೆನಡಾದ ಒಂಬತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ಇಟ್ಟುಕೊಂಡು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬದುಕುಳಿಯುವಿಕೆ ಅತಿ ಹೆಚ್ಚು ಕಂಡುಬಂದದ್ದು ಸುಮಾರು 4.6 ಸೆಂ.ಮೀ. ಆಳದಲ್ಲಿ, 4ರಿಂದ 5.5 ಸೆಂ.ಮೀ. ನಡುವೆ ಫಲ ಚೆನ್ನಾಗಿತ್ತು. ಐದಕ್ಕೆ ತುಸು ಕಡಿಮೆಯಾದ ಒತ್ತು ವ್ಯರ್ಥವಲ್ಲ ಎಂದಾಯಿತು. ಏನೂ ಮಾಡದೆ ನಿಂತರೆ ಆಳ ಸೊನ್ನೆ. ಬೊಂಬೆಯ ಟಕ್ ಸದ್ದು ಅಭ್ಯಾಸಕ್ಕೊಂದು ಗುರುತೇ ಹೊರತು ಪಾಸು ಫೇಲಿನ ಗೆರೆಯಲ್ಲ. ಇದನ್ನು ಶಿಬಿರದಲ್ಲಿ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಸದ್ದು ಬರಲಿಲ್ಲವೆಂದು ಮನೆಗೆ ಹೋದವರು ನಾಳೆ ನಿಜವಾದ ಎದೆಯ ಮುಂದೆ ಕೈಕಟ್ಟಿ ನಿಲ್ಲುತ್ತಾರೆ.

ಭಾರ ಹೆಚ್ಚಿದ್ದವರಿಗೂ ಅವರದೇ ಆದ ತೊಡಕಿದೆ. ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಬೇಕು, ಆಗಲೇ ಹೃದಯಕ್ಕೆ ರಕ್ತ ಮರಳಿ ತುಂಬಿಕೊಳ್ಳುವುದು. ದಪ್ಪ ಮೈಯವರು ದಣಿದಾಗ ತಮ್ಮ ಭಾರವನ್ನು ಪೂರ್ತಿ ಎತ್ತಿಕೊಳ್ಳದೆ ಎದೆಯ ಮೇಲೆಯೇ ತುಸು ಒರಗಿರುತ್ತಾರೆ. ಕೊಡ ತುಂಬುವ ಮೊದಲೇ ಮತ್ತೆ ಬಗ್ಗಿಸಿದಂತೆ. ಒತ್ತು ಆಳವಾಗಿರುತ್ತದೆ, ಸದ್ದೂ ಬರುತ್ತದೆ, ಹರಿಯುವ ರಕ್ತ ಕಡಿಮೆ. ಅಂದು ದೈಹಿಕ ಶಿಕ್ಷಕರ ಬೊಂಬೆ ಟಕ್ ಟಕ್ ಎನ್ನುತ್ತಿದ್ದಾಗ ನಾನು ಅವರ ಅಂಗೈ ಕೆಳಗೆ ಬಗ್ಗಿ ನೋಡಿದೆ. ಬೊಂಬೆಯ ಎದೆ ಮೇಲೇಳುತ್ತಲೇ ಇರಲಿಲ್ಲ. ಅಲ್ಲಿಯವರೆಗೂ ಅವರನ್ನೇ ಎಲ್ಲರಿಗೂ ಮಾದರಿಯೆಂದು ತೋರಿಸಿದ್ದೆ.

ಮೈಕಟ್ಟನ್ನು ಬದಲಿಸಲಾಗದು. ಬದಲಿಸಬಹುದಾದದ್ದು ಮೈಯನ್ನು ಇಡುವ ರೀತಿ. ಆ ಅಂಗನವಾಡಿ ಕಾರ್ಯಕರ್ತೆಯ ಬಳಿಗೆ ಹಿಂತಿರುಗಿ ನೋಡಿದಾಗ ಕಂಡದ್ದು ತೂಕಕ್ಕಿಂತ ಹೆಚ್ಚಾಗಿ ದೂರ. ಆಕೆಯ ಮಂಡಿಗಳು ಬೊಂಬೆಯಿಂದ ಒಂದು ಗೇಣು ಆಚೆಗಿದ್ದವು. ಸೀರೆಯ ನೆರಿಗೆ ಮಂಡಿಯ ಕೆಳಗೆ ಸಿಕ್ಕಿಕೊಂಡು ಮುಂದೆ ಸರಿಯಲು ಬಿಡುತ್ತಿರಲಿಲ್ಲ. ಹಾಗಾಗಿ ಕೈಗಳು ಓರೆಯಾಗಿ ಚಾಚಿಕೊಂಡಿದ್ದವು, ಮೊಣಕೈ ಮಡಚಿತ್ತು, ಒತ್ತುತ್ತಿದ್ದದ್ದು ತೋಳು ಮಾತ್ರ. ಇದ್ದ ನಲವತ್ತಾರು ಕೆಜಿಯೂ ಹಿಮ್ಮಡಿಯ ಮೇಲೆ ಕುಳಿತಿತ್ತು. "ನೆರಿಗೆ ಮೇಲೆತ್ತಿ ಸಿಕ್ಕಿಸಿಕೊಳ್ಳಿ, ಮಂಡಿ ಬೊಂಬೆಯ ಪಕ್ಕೆಗೆ ತಾಗಲಿ. ಹಿಮ್ಮಡಿ ಬಿಟ್ಟು ಏಳಿ" ಎಂದೆ. ಭುಜ ಸರಿಯಾಗಿ ಅಂಗೈಯ ನೇರಕ್ಕೆ ಬರಬೇಕು, ಮೂಗು ಬೊಂಬೆಯ ಆಚೆ ಬದಿಯ ನೆಲ ನೋಡಬೇಕು, ಮೊಣಕೈ ಕೋಲಿನಂತೆ ನೆಟ್ಟಗಿರಬೇಕು, ಅಲುಗಾಟವೆಲ್ಲ ಸೊಂಟದಿಂದ. ಆಗ ಸಾಲಿನಲ್ಲಿ ನಿಂತಿದ್ದ ಹಿರಿಯ ಹೆಂಗಸೊಬ್ಬರು, "ಹತ್ತಾಳಿಗೆ ಚಪಾತಿ ಹಿಟ್ಟು ನಾದುವ ಹಾಗೆ ಒತ್ತು ಕಣಮ್ಮ" ಎಂದರು. ಅಲ್ಲಿದ್ದ ಎಲ್ಲ ಹೆಂಗಸರಿಗೂ ಒಂದೇ ಸಲಕ್ಕೆ ತಿಳಿಯಿತು. ಮದುವೆ ಮನೆಯಲ್ಲಿ ದೊಡ್ಡ ಪರಾತದಲ್ಲಿ ಹಿಟ್ಟು ನಾದುವಾಗ ಯಾರೂ ಬರೀ ತೋಳಿನಿಂದ ನಾದುವುದಿಲ್ಲ. ಮಂಡಿಯ ಮೇಲೆ ಎದ್ದು ಇಡೀ ಮೈಯನ್ನು ಅಂಗೈ ಬುಡಕ್ಕೆ ತರುತ್ತಾರೆ. ಆಕೆ ಒತ್ತಿದರು. ಟಕ್.

ನಾನು ಅಷ್ಟು ದಿನ ಪುಸ್ತಕದ ಮಾತಿನಲ್ಲಿ ಹೇಳಲು ಹೆಣಗಾಡುತ್ತಿದ್ದದ್ದನ್ನು ಆ ಅಜ್ಜಿ ಒಂದು ವಾಕ್ಯದಲ್ಲಿ ಮುಗಿಸಿದ್ದರು.

ನೆಲದ ಮಾತನ್ನೂ ಇಲ್ಲಿಯೇ ಹೇಳಬೇಕು. ಹಾಸಿಗೆಯ ಮೇಲೆ ಕುಸಿದವರನ್ನು ಅಲ್ಲೇ ಒತ್ತಿದರೆ ಕೊಟ್ಟ ಬಲದ ಒಂದು ಪಾಲನ್ನು ಹಾಸಿಗೆ ನುಂಗುತ್ತದೆ. ಬಲ ಹೆಚ್ಚಿದ್ದವರಿಗೆ ಅದು ನಷ್ಟ, ಹಗುರ ಮೈಯವರಿಗೆ ದಿವಾಳಿ. ಆದಷ್ಟು ಬೇಗ ಗಟ್ಟಿ ನೆಲಕ್ಕೆ ಇಳಿಸಿಕೊಳ್ಳಬೇಕು. ಹೊದಿಕೆಯ ಸಮೇತ ಎಳೆದರೆ ಇಬ್ಬರಿಂದ ಆಗುತ್ತದೆ. ಆಸ್ಪತ್ರೆಯಲ್ಲಿ ಮಂಚ ಎತ್ತರವಾಗಿದ್ದು, ಕುಳ್ಳಗಿರುವ ನರ್ಸ್ ತುದಿಗಾಲಿನಲ್ಲಿ ನಿಂತು ಒತ್ತುವುದನ್ನು ನೋಡಿದವರಿಗೆ ಎತ್ತರವೂ ಎಷ್ಟು ಮುಖ್ಯವೆಂಬುದು ಗೊತ್ತು. ಕಾಲಡಿಗೆ ಮೆಟ್ಟಿಲು ಸ್ಟೂಲ್ ಇಟ್ಟರೆ ಕುಳ್ಳಗಿರುವವರ ಒತ್ತಿನ ಆಳ ಹೆಚ್ಚುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಜೊತೆಗೆ ಎದೆಯ ಮೇಲೆ ಒರಗುವ ದೋಷವೂ ಹೆಚ್ಚಿತೆಂಬುದನ್ನು ಮರೆಯುವಂತಿಲ್ಲ. ಅಷ್ಟಾದರೂ ವಾರ್ಡಿನಲ್ಲೊಂದು ಸ್ಟೂಲ್ ಇಡಲು ಎಷ್ಟು ಖರ್ಚು?

ಮೈತೂಕ ಈ ಕೆಲಸದಲ್ಲಿ ಎಷ್ಟು ದೊಡ್ಡ ಪಾತ್ರ ವಹಿಸುತ್ತದೆ ಎಂಬುದಕ್ಕೆ ಬಾಹ್ಯಾಕಾಶಕ್ಕಿಂತ ಒಳ್ಳೆಯ ಪುರಾವೆ ಇಲ್ಲ. ಅಲ್ಲಿ ತೂಕವೇ ಇಲ್ಲ. ಎದೆ ಒತ್ತಿದರೆ ಒತ್ತಿದವರೇ ಹಿಂದಕ್ಕೆ ತೇಲಿಹೋಗುತ್ತಾರೆ. ಹಾಗಾಗಿ ತಲೆಕೆಳಗಾಗಿ ನಿಂತು, ಪಾದಗಳನ್ನು ಎದುರಿನ ಗೋಡೆಗೆ ಆನಿಸಿ, ಕಾಲಿನ ಬಲದಿಂದ ಕೈಗಳ ಮೂಲಕ ಒತ್ತುವ ವಿಧಾನವನ್ನು ರೂಪಿಸಿದ್ದಾರೆ. ಭೂಮಿಯ ಮೇಲೂ ಕಾಲಿನ ಬಲವನ್ನು ಬಳಸುವ ಯೋಚನೆ ಹಳೆಯದು. ಕೈಸೋತವರು ನಿಂತುಕೊಂಡು ಹಿಮ್ಮಡಿಯಿಂದ ಎದೆ ಒತ್ತಬಹುದೆಂಬ ಸಲಹೆ 1978ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. 2015ರಲ್ಲಿ ಬೊಂಬೆಗಳ ಮೇಲೆ ನಡೆದ ಪ್ರಯೋಗದಲ್ಲಿ, ಕೈಯಿಂದ ಹತ್ತು ನಿಮಿಷ ಮುಂದುವರಿಸಲಾಗದ ಅನೇಕರು ಹಿಮ್ಮಡಿಯಿಂದ ಮುಂದುವರಿಸಿದರು. ಮುಖ್ಯ ಮಾರ್ಗಸೂಚಿಗಳು ಇದನ್ನು ಸಾಮಾನ್ಯ ವಿಧಾನವಾಗಿ ಒಪ್ಪಿಕೊಂಡಿಲ್ಲ, ನಾನೂ ಕಲಿಸುವುದಿಲ್ಲ. ಕಾಲು ತಾಕಿದರೆ ಕಣ್ಣಿಗೊತ್ತಿಕೊಳ್ಳುವ ನಮ್ಮ ಊರುಗಳಲ್ಲಿ, ಬಿದ್ದ ಗಂಡನ ಎದೆಯ ಮೇಲೆ ಕಾಲಿಡು ಎಂದು ಒಬ್ಬ ಹೆಂಗಸಿಗೆ ಹೇಳುವುದು ಸುಲಭದ ಮಾತಲ್ಲ. ಆದರೆ ಸುತ್ತ ಯಾರೂ ಇಲ್ಲದ, ಮಂಡಿಯೂರಲು ಆಗದ, ಕೈ ಪೂರ್ತಿ ಸೋತ ಗಳಿಗೆಯ ಬಗ್ಗೆ ವೈದ್ಯರು ಮುಕ್ತವಾಗಿ ಚರ್ಚಿಸಬೇಕಾದ ವಿಷಯವಿದು.

ಹಗುರ ಮೈಯವರಿಗೆ ನಿಜವಾಗಿ ನೆರವಾಗುವುದು ಸರದಿ. ಮಾರ್ಗಸೂಚಿಯ ಎರಡು ನಿಮಿಷ ಗರಿಷ್ಠವೆಂದು ತಿಳಿಯಬೇಕು. ಒತ್ತು ಹಗುರವಾಗುತ್ತಿದ್ದರೆ ಒಂದು ನಿಮಿಷಕ್ಕೇ ಕೈ ಬದಲಾಯಿಸುವುದು ಜಾಣತನ. ಷರತ್ತೊಂದೇ, ಬದಲಾಗುವಾಗ ನಡುವೆ ಬಿಡುವು ಬೀಳಬಾರದು. ಹಿಂದೆ ಒಂದೇ ಒರಳಿಗೆ ಇಬ್ಬರು ಹೆಂಗಸರು ಎದುರು ಬದುರು ನಿಂತು ಭತ್ತ ಕುಟ್ಟುತ್ತಿದ್ದರು. ಒಬ್ಬಳ ಒನಕೆ ಮೇಲೇಳುವಾಗ ಇನ್ನೊಬ್ಬಳದು ಇಳಿಯುತ್ತಿತ್ತು, ಲಯ ತಪ್ಪುತ್ತಿರಲಿಲ್ಲ. ಎದುರು ಬದಿಯಲ್ಲಿ ಮಂಡಿಯೂರಿ, ಕೈ ಸಿದ್ಧವಾಗಿಟ್ಟುಕೊಂಡು ಕಾಯುವ ಎರಡನೆಯವರು ಇದ್ದರೆ ಐವತ್ತು ಕೆಜಿಯ ಇಬ್ಬರು, ತೊಂಬತ್ತು ಕೆಜಿಯ ಒಬ್ಬರಿಗಿಂತ ಎಷ್ಟೋ ಹೆಚ್ಚು ಹೊತ್ತು ಚೆನ್ನಾಗಿ ನಿಭಾಯಿಸಬಲ್ಲರು. ಆದ್ದರಿಂದ ಮೊದಲ ಕೂಗು ಅಕ್ಕಪಕ್ಕದವರಿಗೆ. ಫೋನನ್ನು ಸ್ಪೀಕರ್‌ಗೆ ಹಾಕಿ 108ಕ್ಕೆ ಮಾತನಾಡುತ್ತಲೇ ಒತ್ತಬಹುದು.

ಆ ಎರಡನೆಯವರು ಮಕ್ಕಳಾಗಬಹುದೇ? ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 9ರಿಂದ 14 ವಯಸ್ಸಿನ 157 ಮಕ್ಕಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂಬತ್ತು ಹತ್ತು ವರ್ಷದ ಒಂದು ಮಗುವಿಗೂ ಆಗಿನ ನಿಗದಿತ ಆಳ ಮುಟ್ಟಲಾಗಲಿಲ್ಲ. 13-14 ವರ್ಷದವರಲ್ಲಿ ಶೇ 45ರಷ್ಟು ಮಕ್ಕಳು ಮುಟ್ಟಿದರು. ಆಸ್ಟ್ರಿಯಾದ ಶಾಲೆಗಳಲ್ಲಿ ನಡೆದ ಇನ್ನೊಂದು ಅಧ್ಯಯನ, ಆಳಕ್ಕೆ ಮಕ್ಕಳ ಮೈಕಟ್ಟಿನ ಜೊತೆ ಸಂಬಂಧವಿದೆಯೆಂದೂ ಒಂಬತ್ತರ ಮಕ್ಕಳೂ ಕ್ರಮವನ್ನು ಸರಿಯಾಗಿ ಕಲಿಯುತ್ತಾರೆಂದೂ ಕಂಡುಕೊಂಡಿತು. 12ನೇ ವಯಸ್ಸಿನಿಂದ ವರ್ಷಕ್ಕೆ ಎರಡು ಗಂಟೆ ಶಾಲೆಯಲ್ಲೇ ಇದನ್ನು ಕಲಿಸಬೇಕೆಂಬ ಅಭಿಯಾನಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಬೆಂಬಲ ಕೊಟ್ಟಿದೆ. ಹೈಸ್ಕೂಲಿನ ಹುಡುಗ ಹುಡುಗಿಯರು ಸರದಿಗೆ ಸಿಗುವ ಕೈಗಳು.

ನಮ್ಮಲ್ಲಿ ಬೇಕಾದ ತಿಳಿವಳಿಕೆ ಇಲ್ಲವೆಂದಲ್ಲ. ಭಾರತೀಯ ಅರಿವಳಿಕೆ ತಜ್ಞರು 2017ರಲ್ಲೇ ಜನಸಾಮಾನ್ಯರಿಗಾಗಿ, ಬಾಯಿಗೆ ಬಾಯಿಟ್ಟು ಉಸಿರು ಕೊಡುವ ಹಂತವಿಲ್ಲದ, ಬರೀ ಎದೆ ಒತ್ತುವ ಸರಳ ಕ್ರಮವನ್ನು ರೂಪಿಸಿಕೊಟ್ಟಿದ್ದಾರೆ. ಆದರೆ ತರಬೇತಿ ಎಂದರೆ ಇಂದಿಗೂ ಸಭಾಂಗಣದಲ್ಲಿ ಮುನ್ನೂರು ಜನ, ವೇದಿಕೆಯ ಮೇಲೆ ಒಂದು ಬೊಂಬೆ, ಗಟ್ಟಿಮುಟ್ಟಾದ ತರಬೇತುದಾರ, ಕೊನೆಗೊಂದು ಗುಂಪು ಚಿತ್ರ. ನೋಡಿದವರಿಗೆ ಕ್ರಮ ಗೊತ್ತಾಗುತ್ತದೆ. ತಮ್ಮ ಮೈ ಎಷ್ಟು ಬಲ ಕೊಡಬಲ್ಲದು, ಎಷ್ಟು ಹೊತ್ತಿಗೆ ಸೋಲುತ್ತದೆ ಎಂಬುದು ಒತ್ತಿ ನೋಡದೆ ಗೊತ್ತಾಗುವುದಿಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2019ರಿಂದ ತನ್ನ ವಯಸ್ಕರ ಸಿಪಿಆರ್ ತರಗತಿಗಳಲ್ಲಿ ಆಳ ಮತ್ತು ವೇಗವನ್ನು ಆ ಕ್ಷಣವೇ ತೋರಿಸುವ ಉಪಕರಣವನ್ನು ಕಡ್ಡಾಯ ಮಾಡಿದೆ. ನಮಗೆ ದುಬಾರಿ ಉಪಕರಣವೇ ಬೇಕೆಂದಿಲ್ಲ. ಟಕ್ ಎನ್ನುವ ಬೊಂಬೆ, ಒಂದು ಗಡಿಯಾರ, ಮತ್ತು ಪ್ರತಿಯೊಬ್ಬರಿಗೂ ಪೂರ್ತಿ ಎರಡು ನಿಮಿಷ. ನಲವತ್ತು ಜನರ ಶಿಬಿರ ಮೂರು ಬೊಂಬೆಗಳಿದ್ದರೆ ಅರ್ಧ ದಿನದಲ್ಲಿ ಮುಗಿಯುತ್ತದೆ.

ಈಗ ನಾನು ಪ್ರತಿಯೊಬ್ಬರಿಗೂ ಎರಡು ಪ್ರಶ್ನೆ ಕೇಳುತ್ತೇನೆ: ಎಷ್ಟು ಒತ್ತಿದ ಮೇಲೆ ನಿಮ್ಮ ಸದ್ದು ನಿಂತಿತು? ಮನೆಯಲ್ಲಿ ಇನ್ನು ಯಾರಿದ್ದಾರೆ? ಅಂಗನವಾಡಿಯ ಆ ತಾಯಿಯ ಸದ್ದು ಎಂಬತ್ತರ ಸುಮಾರಿಗೆ ಅಲ್ಲೊಂದು ಇಲ್ಲೊಂದು ತಪ್ಪತೊಡಗಿತ್ತು. ಬಿಪಿ ಇರುವ ಯಜಮಾನರು, ವಯಸ್ಸಾದ ಅತ್ತೆ, ಹತ್ತನೇ ತರಗತಿಯ ಮಗ ಎಂದರು. ಪಕ್ಕದ ಹೋಬಳಿಯಲ್ಲಿ ಮುಂದಿನ ಭಾನುವಾರ ನಡೆದ ಶಿಬಿರಕ್ಕೆ ಆಕೆ ಮತ್ತೆ ಬಂದರು. ಜೊತೆಯಲ್ಲಿ, ಬೆಳೆಯುವ ವಯಸ್ಸಿನ ಉದ್ದ ಕೈಕಾಲಿನ ಹುಡುಗ. ಬೊಂಬೆಯ ಈ ಬದಿಗೆ ತಾಯಿ, ಆ ಬದಿಗೆ ಮಗ ಮಂಡಿಯೂರಿದರು. ತಾಯಿ ಗಟ್ಟಿಯಾಗಿ ಎಣಿಸುತ್ತ ಎಪ್ಪತ್ತಕ್ಕೆ ಬಂದಾಗ ಮಗನ ಕಡೆ ನೋಡಿದರು. ಅವನು ಅಂಗೈ ಚಾಚಿದ. ಆಕೆ ಕೈ ತೆಗೆದ ಜಾಗದಲ್ಲಿ ಅವನ ಕೈ ಕುಳಿತಿತು, ಎಪ್ಪತ್ತೊಂದನ್ನು ಅವನೇ ಎಣಿಸಿದ.